ಐವತ್ತರ ಗೆರೆ ಮತ್ತು ಎಣಿಕೆಗೆ ಸಿಗದ ತಲೆಗಳು

ಮೀಸಲಾತಿಯ ಮಾತು ಬಂದಾಗಲೆಲ್ಲ ಒಂದು ಅಂಕಿ ತಾನಾಗಿಯೇ ಬಾಯಿಗೆ ಬರುತ್ತದೆ: ಶೇ 50. ಅದನ್ನು ದಾಟುವಂತಿಲ್ಲ, ದಾಟಿದರೆ ಕೋರ್ಟು ಸುಮ್ಮನಿರುವುದಿಲ್ಲ ಎನ್ನುವುದು ಅರಳಿಕಟ್ಟೆಯ ಮೇಲೆ ಕೂತವರಿಗೂ ಗೊತ್ತು. ಮಗನಿಗೆ ಸೀಟು ಸಿಗದ ತಂದೆ ಅದೇ ಅಂಕಿ ಹಿಡಿದು ಸಿಟ್ಟಾಗುತ್ತಾರೆ. ಪಾಲು ಹೆಚ್ಚಿಸಿ ಎಂದು ಪಾದಯಾತ್ರೆ ಹೊರಟ ಸಮುದಾಯವೂ ಅದೇ ಅಂಕಿಗೆ ಬಂದು ಎಡವುತ್ತದೆ. ಆದರೆ 1950ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ ಈ ಮಿತಿ ಇರಲಿಲ್ಲ. ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ಇಲ್ಲದ ಹಿಂದುಳಿದ ವರ್ಗಗಳಿಗೆ ಹುದ್ದೆ ಮೀಸಲಿಡಬಹುದು ಎನ್ನುವ 16(4)ನೇ ವಿಧಿ, ಎಷ್ಟು ಮೀಸಲಿಡಬೇಕು ಎಂದು ಹೇಳುವುದಿಲ್ಲ. 2000ದ 81ನೇ ತಿದ್ದುಪಡಿಯಲ್ಲಿ, ಬ್ಯಾಕ್‌ಲಾಗ್ ಹುದ್ದೆಗಳ ಲೆಕ್ಕವನ್ನು ವಿವರಿಸುವಾಗ, ಶೇ 50ರ ಮಿತಿಯ ಪ್ರಸ್ತಾಪ ಸಂವಿಧಾನದೊಳಗೆ ಬಂತು. ನ್ಯಾಯಾಲಯ ಬಹಳ ಮೊದಲೇ ಎಳೆದಿದ್ದ ಗೆರೆಯನ್ನು ಅದು ಉಲ್ಲೇಖಿಸಿತು, ಅಷ್ಟೆ.

ಆ ಗೆರೆಯನ್ನು ಎಳೆದದ್ದು ನಮ್ಮದೇ ರಾಜ್ಯದ ಮೊಕದ್ದಮೆಯಲ್ಲಿ. ಮೀಸಲಾತಿ ನ್ಯಾಯವೋ ಅನ್ಯಾಯವೋ ಎಂದು ದೇಶ ಇಂದು ಏನೆಲ್ಲ ಜಗಳ ಆಡುತ್ತಿದೆಯೋ ಅದರ ಬಹುಪಾಲು ಒಮ್ಮೆ ಮೈಸೂರಿನಲ್ಲಿ, ಮತ್ತೊಮ್ಮೆ ಕರ್ನಾಟಕದಲ್ಲಿ ಆಡಿ ಮುಗಿಸಿದ ಜಗಳವೇ. ಈ ನೂರು ವರ್ಷಗಳ ಕಡತ ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಲೆಕ್ಕ ಮುಂದಿಟ್ಟ ಕಡೆ ನ್ಯಾಯಕ್ಕೆ ಜಾಗ ಸಿಕ್ಕಿದೆ. ಲೆಕ್ಕ ಇಲ್ಲದ ಕಡೆ ಸಂಖ್ಯಾಬಲ, ಹಣಬಲ, ಮಠಬಲ ಇದ್ದವರು ಮುಂದೆ ಹೋಗಿದ್ದಾರೆ.

ಮಿಲ್ಲರ್ ಎಣಿಸಿದ್ದು

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಒಂದು ಸಮಿತಿ ನೇಮಿಸಿದರು. ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅದರ ಅಧ್ಯಕ್ಷರು. ಅದಕ್ಕೆ ಹಿಂದಿನ ವರ್ಷವಷ್ಟೇ ಹುಟ್ಟಿಕೊಂಡಿದ್ದ, ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿಯ ಬೇಡಿಕೆ ಸರಳವಾಗಿತ್ತು: ಸಂಸ್ಥಾನದ ಕಚೇರಿಗಳಲ್ಲಿ ಯಾರು ಕೂತಿದ್ದಾರೆ, ನೋಡಿ. ನೋಡಿದಾಗ ಕಂಡದ್ದು ಇಷ್ಟು. ಜನಸಂಖ್ಯೆಯಲ್ಲಿ ಶೇ 4ರ ಆಸುಪಾಸಿನಲ್ಲಿದ್ದ ಒಂದು ಸಮುದಾಯದ ಕೈಯಲ್ಲಿ ಗೆಜೆಟೆಡ್ ಹುದ್ದೆಗಳ ಸುಮಾರು ಮೂರನೇ ಎರಡು ಪಾಲು ಇತ್ತು. ಓದು, ಇಂಗ್ಲಿಷು, ನಗರವಾಸ, ಕಚೇರಿಯ ಒಡನಾಟ ಎಲ್ಲವೂ ಒಂದೇ ಅಂಗಳದಲ್ಲಿದ್ದ ಕಾಲ ಅದು.

ಮಿಲ್ಲರ್ ಸಮಿತಿಯ ಶಿಫಾರಸೂ ಅಂಕಿಯಲ್ಲೇ ಇತ್ತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳದರ್ಜೆಯಲ್ಲಿ ಮೂರನೇ ಎರಡಕ್ಕೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಬರಬೇಕು ಎಂದಿತು. ಹಿಂದುಳಿದವರು ಎಂಬ ಆ ಪಟ್ಟಿಯಲ್ಲಿ ಮುಸ್ಲಿಮರೂ ಇದ್ದರು ಎನ್ನುವುದನ್ನು ಇಲ್ಲೇ ಗುರುತು ಹಾಕಿಕೊಳ್ಳಬೇಕು. ಆ ಮಾತು ಮುಂದೆ ಬೇಕಾಗುತ್ತದೆ.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಾಲೆ ತೆರೆಯೋಣ, ವಿದ್ಯಾರ್ಥಿವೇತನ ಕೊಡೋಣ, ಹಿಂದುಳಿದವರನ್ನು ಓದಿಸಿ ಮೇಲೆ ತರೋಣ. ನೇಮಕಾತಿಯಲ್ಲಿ ಮಾತ್ರ ಜಾತಿ ನೋಡಿದರೆ ಆಡಳಿತದ ದಕ್ಷತೆ ಕುಸಿಯುತ್ತದೆ ಎಂಬುದು ಅವರ ನಿಲುವು. ಆ ಭಿನ್ನಾಭಿಪ್ರಾಯದ ನಡುವೆಯೇ ಅವರು ದಿವಾನಗಿರಿ ಬಿಟ್ಟರು. ಅವರ ನಂತರ ಕಾಂತರಾಜೇ ಅರಸು ಬಂದರು, ಸಮಿತಿಯ ವರದಿ ಜಾರಿಯ ಹಾದಿ ಹಿಡಿಯಿತು.

ವಿಶ್ವೇಶ್ವರಯ್ಯನವರ ವಾದವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಇಂದಿಗೂ ಮೀಸಲಾತಿಯ ವಿರುದ್ಧ ಕೇಳಿಬರುವ ಅತ್ಯಂತ ಪ್ರಾಮಾಣಿಕ ವಾದ ಅದೇ: ಮೊದಲು ಓದಿಸಿ, ಆಮೇಲೆ ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯಿರಿ. ಅದಕ್ಕೆ ಮೈಸೂರು ಅರಸರು ಕೊಟ್ಟ ಉತ್ತರವೂ ಪ್ರಾಮಾಣಿಕವಾದುದೇ. ಓದಿ ಬಂದವನನ್ನು ಒಳಗೆ ಕರೆದುಕೊಳ್ಳುವವರು ಯಾರು, ಅವರು ಯಾರ ಕಡೆಯವರು ಎನ್ನುವುದನ್ನೂ ನೋಡಬೇಕಲ್ಲ? ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಕಚೇರಿಯ ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲ ಎಂಬುದು ಮಿಲ್ಲರ್ ವರದಿಯ ಸಾರ.

6.9 ಮತ್ತು 7.1

ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸಿನ ಕೋಮುವಾರು ಸೀಟು ಹಂಚಿಕೆಯ ಆದೇಶವನ್ನು ಸುಪ್ರೀಂ ಕೋರ್ಟ್ 1951ರಲ್ಲಿ ಹೊಡೆದುಹಾಕಿತು. ಸಂಸತ್ತು ಕೆಲವೇ ವಾರಗಳಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೇ ವಿಧಿಯನ್ನು ಸೇರಿಸಿತು. ಶಿಕ್ಷಣದಲ್ಲಿ ಹಿಂದುಳಿದ ವರ್ಗಗಳಿಗೆ ವಿಶೇಷ ಅವಕಾಶಕ್ಕೆ ದಾರಿಯಾಯಿತು. ಆದರೆ ಯಾರು ಹಿಂದುಳಿದವರು?

1958ರಲ್ಲಿ ಮೈಸೂರು ಸರ್ಕಾರ ಈ ಪ್ರಶ್ನೆಗೆ ಹಳೆಯ ಉತ್ತರವನ್ನೇ ಕೊಟ್ಟಿತು. ಬ್ರಾಹ್ಮಣರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು, ಶೇ 75ರಷ್ಟು ಸೀಟು ಮೀಸಲು ಎಂದಿತು. ಹೈಕೋರ್ಟ್ ಒಪ್ಪಲಿಲ್ಲ. ಆಮೇಲೆ ಡಾ. ನಾಗನಗೌಡ ಸಮಿತಿ ಬಂತು. ಅದನ್ನು ಆಧರಿಸಿ ಸರ್ಕಾರ 1962ರಲ್ಲಿ ಹೊಸ ಆದೇಶ ಹೊರಡಿಸಿತು. ಹಿಂದುಳಿದವರಿಗೆ ಶೇ 28, ಅತಿ ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3. ಕೂಡಿದರೆ ಶೇ 68. ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಕೈತಪ್ಪಿದವರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಸಿದ್ಧ ಎಂ.ಆರ್. ಬಾಲಾಜಿ ಮತ್ತು ಮೈಸೂರು ರಾಜ್ಯದ ನಡುವಣ ಮೊಕದ್ದಮೆ.

ಹಿಂದುಳಿದಿರುವಿಕೆಯನ್ನು ಸರ್ಕಾರ ಅಳೆದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪ್ರತಿ ಸಮುದಾಯದಲ್ಲಿ ಸಾವಿರ ಜನರಿಗೆ ಎಷ್ಟು ಮಕ್ಕಳು ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿದ್ದಾರೆ ಎಂದು ಎಣಿಸಿದರು. ರಾಜ್ಯದ ಸರಾಸರಿ 6.9 ಬಂತು. ಆ ಸರಾಸರಿಯ ಅರ್ಧಕ್ಕಿಂತ ಕೆಳಗಿದ್ದವರು ಅತಿ ಹಿಂದುಳಿದವರಾದರು. ಲಿಂಗಾಯತರ ಸರಾಸರಿ 7.1 ಇತ್ತು, ಅಂದರೆ ರಾಜ್ಯದ ಸರಾಸರಿಗಿಂತ ತುಸು ಮೇಲೆ. ಆದರೂ ಅವರು ಹಿಂದುಳಿದವರ ಪಟ್ಟಿಯಲ್ಲಿದ್ದರು. ನ್ಯಾಯಾಲಯದ ಕಣ್ಣು ಬಿದ್ದದ್ದು ಇಲ್ಲೇ. ಸರಾಸರಿಯ ಮೇಲೋ ಆಸುಪಾಸಿನಲ್ಲೋ ಇರುವವರನ್ನು ಹಿಂದುಳಿದವರು ಎನ್ನಲಾಗದು, ಸರಾಸರಿಗಿಂತ ಸಾಕಷ್ಟು ಕೆಳಗಿರುವವರಿಗಷ್ಟೇ ಆ ಮಾತು ಸಲ್ಲುತ್ತದೆ. ಜಾತಿಯೊಂದನ್ನೇ ಅಳತೆಗೋಲು ಮಾಡಿಕೊಳ್ಳಬಾರದು ಎಂದಿತು.

ತೀರ್ಪು ಬರೆದ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಅದೇ ಉಸಿರಿನಲ್ಲಿ ಇನ್ನೊಂದು ಮಾತು ಸೇರಿಸಿದರು. ಸ್ಥೂಲವಾಗಿ ಹೇಳುವುದಾದರೆ ಮೀಸಲು ಶೇ 50ಕ್ಕಿಂತ ಕಡಿಮೆ ಇರಬೇಕು, ಎಷ್ಟು ಕಡಿಮೆ ಎನ್ನುವುದು ಆಯಾ ಸಂದರ್ಭಕ್ಕೆ ಬಿಟ್ಟದ್ದು. ಐವತ್ತರ ಗೆರೆ ಹುಟ್ಟಿದ್ದು ಹೀಗೆ. ಅದರ ಹಿಂದೆ ಜನಗಣತಿಯ ಆಧಾರವಾಗಲಿ, ಗಣಿತದ ಸೂತ್ರವಾಗಲಿ ಇರಲಿಲ್ಲ. ವಿಶೇಷ ಅವಕಾಶ ಎನ್ನುವುದು ಸಾಮಾನ್ಯ ನಿಯಮವನ್ನೇ ನುಂಗಬಾರದು ಎಂಬ ಹಿತವಿವೇಚನೆ ಇತ್ತು. ಅಂಬೇಡ್ಕರ್ ಕೂಡ 1948ರ ನವೆಂಬರ್ 30ರಂದು ಸಂವಿಧಾನ ಸಭೆಯಲ್ಲಿ, ಶೇ 70 ಮೀಸಲಾಗಿ ಶೇ 30 ಮಾತ್ರ ಎಲ್ಲರಿಗೂ ಉಳಿದರೆ ಸಮಾನ ಅವಕಾಶದ ತತ್ವಕ್ಕೆ ಅರ್ಥವೇನು ಎಂದು ಕೇಳಿ, ಮೀಸಲು ಅಲ್ಪಭಾಗಕ್ಕೆ ಸೀಮಿತವಾಗಬೇಕು ಎಂದಿದ್ದರು. ವಿವೇಚನೆ ಸರಿಯೇ. ಆದರೆ ವಿವೇಚನೆ ವರ್ಷಗಳು ಉರುಳಿದಂತೆ ಕಲ್ಲಿನ ಮೇಲಿನ ಗೆರೆಯಾಯಿತು. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಮಂಡಲ್ ವರದಿಯ ಶೇ 27ನ್ನು ಎತ್ತಿಹಿಡಿಯಿತು, ಕೆನೆಪದರವನ್ನು ಹೊರಗಿಡಿ ಎಂದಿತು, ಅಸಾಧಾರಣ ಸನ್ನಿವೇಶ ಬಿಟ್ಟರೆ ಶೇ 50 ಮೀರುವಂತಿಲ್ಲ ಎಂದೂ ಹೇಳಿತು.

2019ರಲ್ಲಿ 103ನೇ ತಿದ್ದುಪಡಿ ಆರ್ಥಿಕವಾಗಿ ದುರ್ಬಲರಾದವರಿಗೆ ಶೇ 10 ಕೊಟ್ಟಾಗ ಕೇಂದ್ರದ ಒಟ್ಟು ಮೀಸಲು ಶೇ 59.5 ಆಯಿತು. 2022ರಲ್ಲಿ ಸುಪ್ರೀಂ ಕೋರ್ಟ್ 3–2ರ ಬಹುಮತದಿಂದ ಅದನ್ನು ಒಪ್ಪಿತು. ಶೇ 50ರ ಮಿತಿ ಬಗ್ಗಿಸಲಾಗದ್ದೇನಲ್ಲ ಎಂಬುದು ಬಹುಮತದ ನಿಲುವಾಗಿತ್ತು. ಪರಿಶಿಷ್ಟರು, ಹಿಂದುಳಿದವರಲ್ಲಿನ ಬಡವರನ್ನು ಈ ಶೇ 10ರಿಂದ ಹೊರಗಿಟ್ಟದ್ದು ತಾರತಮ್ಯ ಎಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ಬರೆದರು. ಮಹಾರಾಷ್ಟ್ರದ ಮರಾಠರ ಮೀಸಲಾತಿ ಪ್ರಕರಣದಲ್ಲಿ 2021ರಲ್ಲಿ ಬಗ್ಗದ ಗೆರೆ ಮರುವರ್ಷವೇ ಬಗ್ಗಿತು. ಬಗ್ಗುವುದಾದರೆ ಯಾರ ಎದುರು, ಯಾವ ಲೆಕ್ಕ ನೋಡಿ ಎಂದು ಕೇಳುವ ಹಕ್ಕು ಉಳಿದವರಿಗೂ ಇದೆ.

ಪ್ರತಿಭೆ ಎಂಬ ಅಳತೆ

ಮೀಸಲಾತಿಯಿಂದ ಪ್ರತಿಭೆಗೆ ಪೆಟ್ಟು ಎಂಬ ವಾದಕ್ಕೆ ಉತ್ತರ ಹೇಳುವ ಮೊದಲು, ಸಿಇಟಿ ಸೀಟು ಹಂಚಿಕೆಯ ಪಟ್ಟಿಯನ್ನು ಒಮ್ಮೆ ನೋಡಬೇಕು. ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದು ಸಾಲಾಗಿ ಕಂಬಗಳಿರುತ್ತವೆ. ಜಿಎಂ ಎಂದರೆ ಜನರಲ್ ಮೆರಿಟ್, 2ಎ ಎಂದರೆ ಹಿಂದುಳಿದ ವರ್ಗಗಳ ಒಂದು ಪ್ರವರ್ಗ. ‘ಕೆ’ ಎಂದರೆ ಕನ್ನಡ ಮಾಧ್ಯಮ, ‘ಆರ್’ ಎಂದರೆ ಗ್ರಾಮೀಣ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಅಡಿ ಬೇರೆಯೇ ಪಾಲಿದೆ. ಜಾತಿ ಮೀಸಲಾತಿಯನ್ನು ಬಾಯಿತುಂಬ ಬೈಯುವ ಎಷ್ಟೋ ಮನೆಗಳ ಮಕ್ಕಳು ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಕಚೇರಿಯ ಮುಂದೆ ಸಾಲು ನಿಂತಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹಳ್ಳಿಯ ಶಾಲೆಯಲ್ಲಿ ಓದಿದವನ ಅಂಕ ಬೆಂಗಳೂರಿನ ಕೋಚಿಂಗ್‌ನಲ್ಲಿ ತಯಾರಾದವನ ಅಂಕಕ್ಕೆ ಸಮ ಅಲ್ಲ ಎಂದು ನಾವೆಲ್ಲ ಒಪ್ಪಿದ್ದೇವೆ. ಜಾತಿಯ ವಿಷಯದಲ್ಲಿ ಕೇಳುತ್ತಿರುವುದೂ ಅದೇ ರಿಯಾಯಿತಿಯ ತರ್ಕ.

ಆ ಪಟ್ಟಿಯ ಮೊದಲ ಕಂಬದ ಬಗ್ಗೆಯೂ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಜಿಎಂ ಎನ್ನುವುದು ಮುಂದುವರಿದ ಜಾತಿಗಳ ಕೋಟಾ ಅಲ್ಲ. ಯಾವ ಜಾತಿಯವರಾದರೂ ರ್‍ಯಾಂಕಿನ ಬಲದ ಮೇಲೆ ಅಲ್ಲಿ ಸೀಟು ಪಡೆಯಬಹುದು, ಹಾಗೆ ಪಡೆದವರನ್ನು ಅವರ ಪ್ರವರ್ಗದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಇದನ್ನು ಮತ್ತೆ ಖಚಿತಪಡಿಸಿತು.

ಇಂದ್ರಾ ಸಾಹ್ನಿ ತೀರ್ಪಿನ 1992 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಮಂಡಲ್ ವಿರೋಧಿ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ, ಪ್ರತಿಭೆ ಸತ್ತಿತು ಎಂಬ ಕೂಗು ಊರ ತುಂಬ ಇತ್ತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೋಹಿನಿ ಜೈನ್ ಪ್ರಕರಣವೂ ಕರ್ನಾಟಕದ್ದೇ. ಸರ್ಕಾರಿ ಸೀಟಿಗೆ ವರ್ಷಕ್ಕೆ ₹2,000 ಶುಲ್ಕವಿದ್ದಾಗ, ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಹೊರರಾಜ್ಯದ ವಿದ್ಯಾರ್ಥಿಗೆ ಅದು ₹60,000 ಇತ್ತು. ಕ್ಯಾಪಿಟೇಶನ್ ಶುಲ್ಕ ಶಿಕ್ಷಣದ ಹಕ್ಕಿಗೆ ವಿರುದ್ಧ ಎಂದಿತು ನ್ಯಾಯಾಲಯ. ದುಡ್ಡಿನ ಬಾಗಿಲಿನಿಂದ ಕಡಿಮೆ ಅಂಕದವರು ಒಳಬಂದಾಗ ಪ್ರತಿಭೆಗೆ ಪೆಟ್ಟಾಯಿತೆಂದು ಯಾರೂ ಬೀದಿಗೆ ಇಳಿಯಲಿಲ್ಲ. ಪ್ರತಿಭೆಯ ಚಿಂತೆ ಹುಟ್ಟುವುದು ಯಾರು ಒಳಗೆ ಬಂದರು ಎನ್ನುವುದನ್ನು ನೋಡಿಕೊಂಡು ಎಂಬ ಅನುಮಾನಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ದಕ್ಷತೆಯ ಪ್ರಶ್ನೆಯನ್ನು ನ್ಯಾಯಾಲಯ ನೇರವಾಗಿ ಎದುರಿಸಿದ್ದೂ ನಮ್ಮ ರಾಜ್ಯದ ಪ್ರಕರಣದಲ್ಲೇ. ಬಡ್ತಿ ಪಡೆದ ಪರಿಶಿಷ್ಟ ನೌಕರರಿಗೆ ಜ್ಯೇಷ್ಠತೆಯನ್ನೂ ಕೊಡುವ ಕರ್ನಾಟಕದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ, ಬಿ.ಕೆ. ಪವಿತ್ರಾ ಪ್ರಕರಣದಲ್ಲಿ, ಹೊಡೆದುಹಾಕಿತು. ಪ್ರಾತಿನಿಧ್ಯ ಸಾಲದು ಎನ್ನುವುದಕ್ಕೆ, ದಕ್ಷತೆಗೆ ಧಕ್ಕೆ ಇಲ್ಲ ಎನ್ನುವುದಕ್ಕೆ ಅಂಕಿಅಂಶ ಎಲ್ಲಿ ಎಂದು ಕೇಳಿತು. ಸರ್ಕಾರ ಕೆ. ರತ್ನಪ್ರಭಾ ಸಮಿತಿ ಮಾಡಿ, ಇಲಾಖೆವಾರು ಲೆಕ್ಕ ತೆಗೆಸಿ, ಹೊಸ ಕಾಯ್ದೆ ತಂದಿತು. 2019ರ ಮೇ 10ರಂದು ಅದೇ ಬಿ.ಕೆ. ಪವಿತ್ರಾ ಹೆಸರಿನ ಎರಡನೇ ಪ್ರಕರಣದಲ್ಲಿ ಕಾಯ್ದೆ ಗೆದ್ದಿತು. ಪರೀಕ್ಷೆಯ ಅಂಕವೊಂದೇ ಪ್ರತಿಭೆಯಲ್ಲ, ಸಮಾಜದ ಎಲ್ಲ ಕಡೆಯವರನ್ನೂ ಒಳಗೊಳ್ಳುವ ಆಡಳಿತವೇ ದಕ್ಷ ಆಡಳಿತ ಎಂಬ ಅರ್ಥದಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಅದೇ ರಾಜ್ಯ, ಅದೇ ವಿಷಯ, ಎರಡು ವರ್ಷದ ಅಂತರ. ಮೊದಲ ಸಲ ಸೋತದ್ದು ಲೆಕ್ಕ ಇಲ್ಲದೆ, ಎರಡನೇ ಸಲ ಗೆದ್ದದ್ದು ಲೆಕ್ಕ ಇಟ್ಟುಕೊಂಡು.

ವರದಿ ಬಂದಾಗಲೆಲ್ಲ

ಕರ್ನಾಟಕಕ್ಕೆ ವರದಿಗಳ ಬರ ಎಂದೂ ಇರಲಿಲ್ಲ. 1972ರಲ್ಲಿ ದೇವರಾಜ ಅರಸು ನೇಮಿಸಿದ ಎಲ್.ಜಿ. ಹಾವನೂರು ಆಯೋಗ ಮೂರು ವರ್ಷ ರಾಜ್ಯ ಸುತ್ತಿ 1975ರಲ್ಲಿ ವರದಿ ಕೊಟ್ಟಿತು. ಅದು ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಿತು. ಸಣ್ಣಪುಟ್ಟ ಜಾತಿಗಳಿಗೆ, ಹೆಸರೇ ಕೇಳಿರದ ಕುಲಗಳಿಗೆ ಮೊದಲ ಸಲ ಸರ್ಕಾರದ ಕಾಗದದಲ್ಲಿ ಜಾಗ ಸಿಕ್ಕಿತು. ಗದ್ದಲವೂ ಅಷ್ಟೇ ದೊಡ್ಡದಾಯಿತು. 1986ರಲ್ಲಿ ವೆಂಕಟಸ್ವಾಮಿ ಆಯೋಗ ಒಕ್ಕಲಿಗರನ್ನು ಹೊರಗಿಟ್ಟಾಗ ರಾಮಕೃಷ್ಣ ಹೆಗಡೆ ಸರ್ಕಾರ ಆ ವರದಿಯನ್ನು ಪಕ್ಕಕ್ಕಿಟ್ಟು, ಬಹುತೇಕ ಎಲ್ಲರನ್ನೂ ಹಿಂದುಳಿದವರೆಂದು ಕರೆದು ಕೈತೊಳೆದುಕೊಂಡಿತು. ಕರ್ನಾಟಕದ ಮೀಸಲಾತಿ ಕುರಿತ ವಸಂತಕುಮಾರ್ ಪ್ರಕರಣದಲ್ಲಿ ಪ್ರತಿಭೆಯ ವಾದವನ್ನು ಕಟುವಾಗಿ ವಿಮರ್ಶಿಸಿದ್ದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರೇ ಮುಂದೆ ಮೂರನೇ ಆಯೋಗದ ಅಧ್ಯಕ್ಷರಾಗಿ, ಎರಡೂ ಪ್ರಬಲ ಸಮುದಾಯಗಳನ್ನು ಮುಂದುವರಿದವರೆಂದು 1990ರಲ್ಲಿ ಹೇಳಿದರು. ಕೊನೆಗೆ ಆದದ್ದೇನು? 1994–95ರ ಹೊತ್ತಿಗೆ ಇಂದಿನ ಪ್ರವರ್ಗಗಳು ರೂಪುಗೊಂಡವು: ಪ್ರವರ್ಗ 1ಕ್ಕೆ ಶೇ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಒಕ್ಕಲಿಗರು 3ಎಯಲ್ಲಿ, ಲಿಂಗಾಯತರು 3ಬಿಯಲ್ಲಿ. ಆಯೋಗಗಳು ಹೊರಗೆ ಎಂದವರು ಒಳಗೇ ಉಳಿದರು.

ಇದಕ್ಕೆ ಆ ಸಮುದಾಯಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಮಳೆ ನಂಬಿದ ಒಂದೆರಡು ಎಕರೆಯ ಒಕ್ಕಲಿಗ ಅಥವಾ ಲಿಂಗಾಯತ ರೈತನಿಗೆ ತನ್ನ ಜಾತಿಯ ಮುಖ್ಯಮಂತ್ರಿಯಿಂದ ಮನೆಯ ಸೂರು ಗಟ್ಟಿಯಾಗಿಲ್ಲ. ಅವನ ಸಂಕಟ ನಿಜ. ಆದರೆ ಬಡತನಕ್ಕೆ ಮದ್ದು ಬೇರೆ. ಅದಕ್ಕೆ ಶುಲ್ಕ ರಿಯಾಯಿತಿ, ಹಾಸ್ಟೆಲ್, ವಿದ್ಯಾರ್ಥಿವೇತನ, ಬೆಳೆಗೆ ಬೆಲೆ ಬೇಕು. ಮೀಸಲಾತಿ ಇರುವುದು ಕುರ್ಚಿಯ ಹತ್ತಿರವೂ ಸುಳಿಯಲು ಅವಕಾಶ ಸಿಗದವರಿಗೆ ಕುರ್ಚಿ ಕೊಡಿಸಲು.

2ಬಿ: ಅಲ್ಪಸಂಖ್ಯಾತರ ಪಾಲು

2023ರ ಮಾರ್ಚ್‌ನಲ್ಲಿ, ವಿಧಾನಸಭೆ ಚುನಾವಣೆ ಹತ್ತಿರವಾದಾಗ, ರಾಜ್ಯ ಸರ್ಕಾರ ಮುಸ್ಲಿಮರಿಗಿದ್ದ 2ಬಿಯ ಶೇ 4ನ್ನು ರದ್ದು ಮಾಡಿ ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇ 2 ಹಂಚಲು ಹೊರಟಿತು. ಮುಸ್ಲಿಮರು ಬೇಕಿದ್ದರೆ ಆರ್ಥಿಕ ದುರ್ಬಲರ ಕೋಟಾದಲ್ಲಿ ಸ್ಪರ್ಧಿಸಲಿ ಎಂದಿತು. ಧರ್ಮದ ಆಧಾರದ ಮೇಲೆ ಮೀಸಲಾತಿಗೆ ಸಂವಿಧಾನದಲ್ಲಿ ಜಾಗವಿಲ್ಲ ಎಂಬುದು ಅದು ಕೊಟ್ಟ ಕಾರಣ.

ಆ ಕಾರಣದಲ್ಲಿ ಅರ್ಧ ಸತ್ಯವಿದೆ. ಧರ್ಮವೊಂದನ್ನೇ ನೋಡಿ ಮೀಸಲಾತಿ ಕೊಡುವಂತಿಲ್ಲ ಎನ್ನುವುದು ನಿಜ, ಆಂಧ್ರದಲ್ಲಿ ಹಾಗೆ ಹೊರಡಿಸಿದ ಆದೇಶಗಳು ಹೈಕೋರ್ಟಿನಲ್ಲಿ ಬಿದ್ದಿವೆ. ಇಡೀ ಸಮುದಾಯವನ್ನು ಒಂದೇ ಮೂಟೆಯಾಗಿ ಹಿಂದುಳಿದವರೆಂದರೆ ಅದರೊಳಗಿನ ಸಿರಿವಂತ ವ್ಯಾಪಾರಿಯೂ ಬೀದಿಬದಿಯ ದುಡಿಮೆಗಾರನೂ ಒಂದಾಗುತ್ತಾರೆ ಎಂಬ ಆಕ್ಷೇಪದಲ್ಲೂ ಹುರುಳಿದೆ. ಉಳಿದ ಅರ್ಧ ಏನೆಂದರೆ, ಕರ್ನಾಟಕದಲ್ಲಿ ಮುಸ್ಲಿಮರು ಪಟ್ಟಿಯಲ್ಲಿರುವುದು ಧರ್ಮದ ಕಾರಣಕ್ಕೆ ಅಲ್ಲ. ಮಿಲ್ಲರ್ ಕಾಲದಿಂದ ಚಿನ್ನಪ್ಪ ರೆಡ್ಡಿ ಆಯೋಗದವರೆಗೆ ಅವರನ್ನು ಶಿಕ್ಷಣ, ಉದ್ಯೋಗದಲ್ಲಿ ಹಿಂದುಳಿದವರೆಂದು ಗುರುತಿಸುತ್ತಲೇ ಬರಲಾಗಿದೆ. ಪಿಂಜಾರ, ನದಾಫರಂಥವರು ಪ್ರವರ್ಗ 1ರಲ್ಲೇ ಇದ್ದಾರೆ. ಅವರು ಮುಂದೆ ಬಂದಿದ್ದಾರೆ ಎನ್ನುವುದಾದರೆ ಅದನ್ನು ತೋರಿಸಬೇಕು. ಸರ್ಕಾರದ ಕೈಯಲ್ಲಿ ಆಗ ಇದ್ದದ್ದು ಹಿಂದುಳಿದ ವರ್ಗಗಳ ಆಯೋಗದ ಮಧ್ಯಂತರ ವರದಿ ಮಾತ್ರ. ಈ ನಿರ್ಧಾರದ ಬುನಾದಿಯೇ ಅಲುಗಾಡುತ್ತಿದೆ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟ್ ಏಪ್ರಿಲ್‌ನಲ್ಲಿ ಆಡಿತು. ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರ ಭರವಸೆ ಕೊಟ್ಟಿತು. ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸುವ ಮೊದಲು ಇಬ್ಬರ ಹಸಿವನ್ನೂ ಅಳೆಯಬೇಕಿತ್ತು.

ಅಮೆರಿಕದ ಅನುಭವ ಇಲ್ಲಿ ಒಂದು ಪಾಠ. 1961ರಲ್ಲಿ ಕೆನಡಿ ಆಡಳಿತದ ಆದೇಶದಿಂದ ಶುರುವಾದ ಅವರ ಸಕಾರಾತ್ಮಕ ಕ್ರಮಕ್ಕೆ ಸಂವಿಧಾನದಲ್ಲಿ ನಮ್ಮ 15(4), 16(4)ರಂಥ ನೇರ ಆಧಾರ ಇಲ್ಲ. 1978ರ ‘ಬಾಕಿ’ (Bakke) ಪ್ರಕರಣದ ತೀರ್ಪಿನಲ್ಲಿ, ಕ್ಯಾಲಿಫೋರ್ನಿಯಾದ ವೈದ್ಯಕೀಯ ಕಾಲೇಜೊಂದು 100 ಸೀಟುಗಳಲ್ಲಿ 16 ಎತ್ತಿಟ್ಟದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿ, ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಪರಿಗಣಿಸಬಹುದು ಎಂದಷ್ಟೇ ಒಪ್ಪಿತು. 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ಅದೂ ಹೋಯಿತು. ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆ ಎಂಬುದು ಅರ್ಜಿದಾರರ ಮುಖ್ಯ ವಾದ. ಆ ದೇಶದಲ್ಲಿ ಅಲ್ಪಸಂಖ್ಯಾತರಾಗಿ ನೆಲೆಸಿದ ಕನ್ನಡದ ಮನೆಗಳೂ ಆ ವಾದದೊಳಗೆ ಬರುತ್ತವೆ. ನ್ಯಾಯ ಯಾವುದೆಂಬುದು ತಾವು ಯಾವ ಸಾಲಿನಲ್ಲಿ ನಿಂತಿದ್ದೇವೆ ಎನ್ನುವುದರ ಮೇಲೆ ಬದಲಾಗುವಂತಾದರೆ, ಅಳತೆಗೋಲನ್ನು ಸಾಲಿನಲ್ಲಿ ನಿಂತವರ ಕೈಗೆ ಬಿಡಬಾರದು.

ಸಾಲಿನ ಕೊನೆಯವರು

ಮೀಸಲಾತಿಯ ವಿರೋಧಿಗಳು ಎತ್ತುವ ಒಂದು ಆಕ್ಷೇಪವನ್ನು ಪರವಾಗಿರುವವರೂ ತಪ್ಪಿಸಿಕೊಳ್ಳುವಂತಿಲ್ಲ: ಲಾಭವೆಲ್ಲ ಕೆಲವೇ ಜಾತಿ, ಕೆಲವೇ ಕುಟುಂಬಗಳಿಗೆ ಹೋಗುತ್ತಿದೆಯಲ್ಲ? ಇದಕ್ಕೆ ಒಂದು ಪರಿಹಾರ ಒಳಮೀಸಲಾತಿ. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. ಮಾದಿಗ ಸಂಘಟನೆಗಳು ದಶಕಗಳ ಕಾಲ ಬೀದಿಯಲ್ಲಿ ತಮಟೆ ಬಡಿದು ಕೇಳಿದ್ದು ತಮ್ಮ ಪಾಲನ್ನು ಬೇರೆ ಮಾಡಿ ಕೊಡಿ ಎಂದು. 2005ರಲ್ಲಿ ನೇಮಕವಾದ ಎ.ಜೆ. ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟರೂ ಅದು ಕಪಾಟಿನಲ್ಲೇ ಉಳಿಯಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 6–1ರ ಬಹುಮತದಲ್ಲಿ ಒಳವರ್ಗೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅದಕ್ಕೆ ದತ್ತಾಂಶದ ಆಧಾರ ಬೇಕು ಎಂದಿತು.

ಆ ತೀರ್ಪಿನ ನಂತರ ರಾಜ್ಯ ನೇಮಿಸಿದ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ ಮನೆಮನೆ ಸಮೀಕ್ಷೆ ನಡೆಸಿ, ಒಂದು ಕೋಟಿಗೂ ಹೆಚ್ಚು ಜನರ ವಿವರ ಕಲೆಹಾಕಿ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಅದು ಐದು ಗುಂಪು ಮಾಡಿತ್ತು. ಸುಡುಗಾಡುಸಿದ್ಧರು, ಸಿಳ್ಳೇಕ್ಯಾತರು, ಹಂದಿಜೋಗಿಗಳು, ದೊಂಬರು ಸೇರಿದಂತೆ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಇಟ್ಟಿತ್ತು. ಆ ತಿಂಗಳ 19ರಂದು ಸಚಿವ ಸಂಪುಟ ಐದನ್ನು ಮೂರು ಮಾಡಿ 6–6–5 ಎಂದು ಹಂಚಿತು. ಎಡಗೈ ಸಮುದಾಯಗಳಿಗೆ 6, ಬಲಗೈ ಸಮುದಾಯಗಳಿಗೆ 6. ಅಲೆಮಾರಿಗಳ ಶೇ 1 ಲಂಬಾಣಿ, ಭೋವಿ, ಕೊರಮ, ಕೊರಚರ ಶೇ 5ರ ಗುಂಪಿನೊಳಗೆ ಸೇರಿಹೋಯಿತು.

ಅದರ ಅರ್ಥವೇನೆಂದು ಸರ್ಕಾರಕ್ಕೆ ಹೇಳಿಕೊಡಬೇಕಿಲ್ಲ. ನೆಲೆ ನಿಂತ ಊರಿಲ್ಲದ, ಜಾತಿ ಪ್ರಮಾಣಪತ್ರಕ್ಕೆ ವಾಸಸ್ಥಳದ ದಾಖಲೆ ಹೊಂದಿಸಲಾಗದ ಕುಟುಂಬದ ಮಗು, ತಾಂಡಾ ಅಭಿವೃದ್ಧಿ ನಿಗಮ, ಶಾಸಕರು, ಸಂಘಟನೆ ಎಲ್ಲ ಇರುವ ಸಮುದಾಯದ ಮಗುವಿನೊಂದಿಗೆ ಅದೇ ಸಾಲಿನಲ್ಲಿ ನಿಲ್ಲಬೇಕು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ನೂರು ವರ್ಷದ ಹಿಂದೆ ಪ್ರಜಾಮಿತ್ರ ಮಂಡಳಿ ಮಹಾರಾಜರ ಮುಂದೆ ಆಡಿದ ಮಾತನ್ನೇ, ಅಂದು ಆ ಮಾತು ಆಡಿದವರ ಮೊಮ್ಮಕ್ಕಳ ಕಾಲದ ಸರ್ಕಾರಕ್ಕೆ ಅವರು ಹೇಳಬೇಕಾಯಿತು. ವಿಪರ್ಯಾಸವೆಂದರೆ ಈ ಸಲ ಲೆಕ್ಕ ಇತ್ತು. ಲೆಕ್ಕ ಇದ್ದೂ ಅದನ್ನು ಬಲ ಸರಿಸಿತು.

ಏನು ಮಾಡಬೇಕು

ಹಿಂದುಳಿದ ವರ್ಗಗಳ ಪಟ್ಟಿಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎನ್ನುತ್ತದೆ 1995ರ ನಮ್ಮದೇ ಕಾಯ್ದೆ. 2015ರಲ್ಲಿ ಎಚ್. ಕಾಂತರಾಜ ಅಧ್ಯಕ್ಷತೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತು. ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರುವರಿಯಲ್ಲಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಚರ್ಚಿಸುತ್ತ, ಮುಂದೂಡುತ್ತ, 2025ರ ಜೂನ್‌ನಲ್ಲಿ ದತ್ತಾಂಶಕ್ಕೆ ಹತ್ತು ವರ್ಷ ಆಯಿತು, ಹಳತಾಯಿತು ಎಂದು ಹೇಳಿ, ಸೆಪ್ಟೆಂಬರ್ 22ರಿಂದ ಹೊಸ ಸಮೀಕ್ಷೆ ಆರಂಭಿಸಿದರು. ಹತ್ತು ವರ್ಷ ಕಪಾಟಿನಲ್ಲಿಟ್ಟವರೇ ಹತ್ತು ವರ್ಷವಾಯಿತು ಎಂದು ಕಾರಣ ಕೊಟ್ಟದ್ದು. ಕಾಯ್ದೆಯನ್ನು ಪಾಲಿಸದೆಯೇ ಕಾಯ್ದೆಯ ಮಾತು ಆಡುವ ಈ ಕಲೆಯಲ್ಲಿ ಯಾವ ಪಕ್ಷವೂ ಇನ್ನೊಂದಕ್ಕೆ ಕಡಿಮೆ ಇಲ್ಲ.

ಮೀಸಲಾತಿ ಎಷ್ಟು ವರ್ಷ ಎಂದು ಕೇಳುವವರಿಗೂ, ಎಷ್ಟು ಪಾಲು ಎಂದು ಕೇಳುವವರಿಗೂ ಉತ್ತರ ಸಿಗುವುದು ಒಂದೇ ಕಡೆ. ಯಾವ ಜಾತಿಯ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದರು, ಯಾವ ಇಲಾಖೆಯ ಯಾವ ದರ್ಜೆಯಲ್ಲಿ ಯಾರು ಎಷ್ಟಿದ್ದಾರೆ, 2ಎ ಪಟ್ಟಿಯ ಎಷ್ಟು ಜಾತಿಗಳು ಈವರೆಗೆ ಒಂದೂ ಗೆಜೆಟೆಡ್ ಹುದ್ದೆ ಕಂಡಿಲ್ಲ, 2ಬಿಯಿಂದ ನಿಜಕ್ಕೂ ಯಾರು ಮೇಲೆ ಬಂದರು ಎಂಬುದು ಸಾರ್ವಜನಿಕರ ಕೈಗೆ ಸಿಗಬೇಕು. ಅದು ಸಿಕ್ಕರೆ ಮೇಲೆ ಬಂದವರನ್ನು ಪಟ್ಟಿಯಿಂದ ತೆಗೆಯುವ ಧೈರ್ಯವೂ ಬರುತ್ತದೆ, ಇನ್ನೂ ಒಳಗೇ ಬಾರದವರಿಗೆ ಐವತ್ತರ ಗೆರೆಯನ್ನು ಬಗ್ಗಿಸಿ ಎಂದು ಕೋರ್ಟಿನ ಮುಂದೆ ಕೇಳುವ ನೈತಿಕ ಬಲವೂ ಬರುತ್ತದೆ.

ಆದ್ದರಿಂದ ಸರ್ಕಾರಕ್ಕೆ ಮಾಡಬೇಕಾದ ಒತ್ತಾಯ ಎರಡೇ. ಈಗ ನಡೆಸಿರುವ ಸಮೀಕ್ಷೆಯ ಅಂಕಿಅಂಶವನ್ನು ಜಾತಿವಾರು, ಇಲಾಖೆವಾರು ಪೂರ್ತಿಯಾಗಿ ಪ್ರಕಟಿಸಿ. ಅಲೆಮಾರಿಗಳ ಶೇ 1ನ್ನು ಅವರಿಗೇ ಬಿಟ್ಟುಕೊಡಿ. ಮೊದಲನೆಯದು ಕಾಯ್ದೆಯ ಬದ್ಧತೆ. ಎರಡನೆಯದನ್ನು ಮಾಡದಿದ್ದರೆ, ಸಾಮಾಜಿಕ ನ್ಯಾಯ ಎಂದು ನೂರು ವರ್ಷದಿಂದ ಈ ನೆಲದಲ್ಲಿ ಹೇಳಿಕೊಂಡು ಬಂದದ್ದು ಸಂಖ್ಯೆ ಇದ್ದವರಿಗೆ ಮಾತ್ರ ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ.